ಡಬ್ಬಿಗೂ ಒಂದು ಛದ್ಮವೇಷ

ಬಚ್ಚಿಟ್ಟ ಡಬ್ಬಿಯನ್ನು ಉಪಗ್ರಹಗಳ ನೆರವಿನಿಂದ ಹುಡುಕುವ ಆಟಕ್ಕೆ ಜಿಯೋಕ್ಯಾಚಿಂಗ್ ಎಂದು ಹೆಸರು. ಹುಡುಕುವುದು ಒಂದು ಜಾಣ್ಮೆಯಾದರೆ, ಕಣ್ಣೆದುರಿಗೇ ಇಟ್ಟು ಕಾಣದಂತೆ ಮಾಡುವುದು ಇನ್ನೂ ದೊಡ್ಡ ಜಾಣ್ಮೆ.

ವನವಾಸ ಮುಗಿಸಿ ಅಜ್ಞಾತವಾಸಕ್ಕೆ ಹೊರಟ ಪಾಂಡವರಿಗೆ ಒಂದು ಸಮಸ್ಯೆ ಎದುರಾಯಿತು. ತಾವೇನೋ ವೇಷ ಮರೆಸಿಕೊಳ್ಳಬಹುದು. ಆದರೆ ಗಾಂಡೀವವನ್ನು ಹೆಗಲಿಗೇರಿಸಿಕೊಂಡು ವಿರಾಟನ ನಗರಕ್ಕೆ ಕಾಲಿಟ್ಟರೆ ಗುಟ್ಟು ಅಂದೇ ರಟ್ಟಾಗುತ್ತದೆ. ಅವರು ಆಯುಧಗಳನ್ನೆಲ್ಲ ಕಟ್ಟಿ ಊರ ಹೊರಗಿನ ಬನ್ನಿ ಮರದ ಮೇಲಿಟ್ಟರು. ಅಲ್ಲಿ ಹೆಣವಿದೆಯೆಂದು ಜನ ನಂಬಿ ದೂರ ಸರಿಯುವಂತೆಯೂ ಮಾಡಿದರು. ವರ್ಷಪೂರ್ತಿ ಆ ಗಂಟು ಮರದ ಮೇಲೇ ಇತ್ತು. ಯಾರೂ ಮುಟ್ಟಲಿಲ್ಲ.

ವೇಷದ ಗುಟ್ಟು ಇಷ್ಟೇ. ನೆಲ ಅಗೆದು ಹೂಳಬೇಕಾಗಿಲ್ಲ, ಕತ್ತಲ ಮೂಲೆಗೆ ತಳ್ಳಬೇಕಾಗಿಲ್ಲ. ನೋಡಿದವರು ‘ಇದು ಬೇರೇನೋ’ ಎಂದುಕೊಂಡು ಮುಂದೆ ಸಾಗಿದರೆ ಸಾಕು. ಇದೇ ಗುಟ್ಟನ್ನು ನೆಚ್ಚಿಕೊಂಡ ಆಟವೊಂದನ್ನು ಇಂದು 190ಕ್ಕೂ ಹೆಚ್ಚು ದೇಶಗಳಲ್ಲಿ ಮಕ್ಕಳು, ದೊಡ್ಡವರು ಎನ್ನದೆ ಆಡುತ್ತಿದ್ದಾರೆ. ಲಕ್ಷಾಂತರ ಡಬ್ಬಿಗಳು ಕಾಡುಗಳಲ್ಲಿ, ಉದ್ಯಾನಗಳಲ್ಲಿ, ಪೇಟೆಯ ಬೀದಿಗಳಲ್ಲಿ ನಾನಾ ವೇಷ ತೊಟ್ಟು ಕುಳಿತಿವೆ.

ಒಂದು ಕಪ್ಪು ಬಕೆಟ್ಟಿನಿಂದ ಆರಂಭ

ಜಿಪಿಎಸ್ ಉಪಗ್ರಹಗಳು ಅಮೆರಿಕ ಸರ್ಕಾರದವು. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಭೂಮಿಯನ್ನು ಸುತ್ತುತ್ತ ರೇಡಿಯೋ ಸಂಕೇತಗಳನ್ನು ಕಳುಹಿಸುತ್ತಿರುತ್ತವೆ. ಕೈಯಲ್ಲಿರುವ ಉಪಕರಣ ಆ ಸಂಕೇತಗಳನ್ನು ಹಿಡಿದು, ನಾವಿರುವ ಜಾಗದ ಅಕ್ಷಾಂಶ–ರೇಖಾಂಶಗಳನ್ನು ಲೆಕ್ಕ ಹಾಕುತ್ತದೆ. ಆದರೆ 2000ದ ಇಸವಿಯವರೆಗೂ ಸಾಮಾನ್ಯ ಜನರಿಗೆ ಸಿಗುತ್ತಿದ್ದ ಸಂಕೇತವನ್ನು ರಕ್ಷಣಾ ಕಾರಣಕ್ಕಾಗಿ ಬೇಕೆಂದೇ ಕೆಡಿಸಿ ಕಳುಹಿಸಲಾಗುತ್ತಿತ್ತು. ಹೀಗಾಗಿ ಉಪಕರಣ ತೋರಿಸಿದ ಜಾಗ ಸುಮಾರು 100 ಮೀಟರ್ ಅತ್ತಿತ್ತ ಆಗುವುದಿತ್ತು.

2000ದ ಮೇ ತಿಂಗಳ ಆರಂಭದಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಆಡಳಿತ ಈ ಕಟ್ಟುಪಾಡನ್ನು ತೆಗೆದುಹಾಕಿತು. ಮೇ 3ರಂದು ಡೇವ್ ಅಲ್ಮರ್ ಎಂಬವರು ಓರೆಗಾನ್ ರಾಜ್ಯದ ಬೀವರ್‌ಕ್ರೀಕ್ ಬಳಿಯ ಕಾಡಂಚಿನಲ್ಲಿ ಕಪ್ಪು ಬಣ್ಣದ ಪ್ಲಾಸ್ಟಿಕ್ ಬಕೆಟ್ ಒಂದನ್ನು ಅರ್ಧ ಹೂತಿಟ್ಟು, ಅದರ ಅಕ್ಷಾಂಶ–ರೇಖಾಂಶಗಳನ್ನು ಅಂತರಜಾಲದ ಮೂಲಕ ಎಲ್ಲರಿಗೂ ತಿಳಿಸಿದರು. ಬಕೆಟ್ಟಿನಲ್ಲಿ ಒಂದು ಪುಸ್ತಕ, ಪೆನ್ಸಿಲು, ಕೆಲವು ಸಣ್ಣಪುಟ್ಟ ವಸ್ತುಗಳು ಮತ್ತು ಬೀನ್ಸ್ ತುಂಬಿದ ತಗಡಿನ ಡಬ್ಬಿಯೊಂದು ಇದ್ದವು. ಸಿಕ್ಕವರು ಏನಾದರೂ ತೆಗೆದುಕೊಳ್ಳಬೇಕು, ಬದಲಿಗೆ ಏನಾದರೂ ಇಡಬೇಕು, ಪುಸ್ತಕದಲ್ಲಿ ಹೆಸರು ಬರೆಯಬೇಕು. ಕೆಲವೇ ದಿನಗಳಲ್ಲಿ ಜನ ಅದನ್ನು ಹುಡುಕಿ ತೆಗೆದರು. ಅದೇ ತಿಂಗಳ ಕೊನೆಯಲ್ಲಿ ಈ ಆಟಕ್ಕೆ ಜಿಯೋಕ್ಯಾಚಿಂಗ್ ಎಂಬ ಹೆಸರೂ ಹುಟ್ಟಿತು. ‘ಜಿಯೋ’ ಎಂದರೆ ಭೂಮಿ. ‘ಕ್ಯಾಚ್’ ಫ್ರೆಂಚ್ ಮೂಲದ ಪದ, ಬಚ್ಚಿಟ್ಟ ದಾಸ್ತಾನು ಎಂದು ಅರ್ಥ.

ತಮಾಷೆಯೆಂದರೆ, ಇಂದಿನ ನಿಯಮಗಳ ಪ್ರಕಾರ ಆ ಮೊದಲ ಬಕೆಟ್ಟಿಗೇ ಒಪ್ಪಿಗೆ ಸಿಗುತ್ತಿರಲಿಲ್ಲ! ಈಗ ಸಾಮಾನ್ಯವಾಗಿ ನೆಲ ಅಗೆದು ಡಬ್ಬಿ ಹೂಳುವಂತಿಲ್ಲ. ಪ್ರಾಣಿಗಳನ್ನು ಸೆಳೆಯುತ್ತದೆ ಎಂಬ ಕಾರಣಕ್ಕೆ ತಿನ್ನುವ ಪದಾರ್ಥವನ್ನೂ ಇಡುವಂತಿಲ್ಲ. ಹೂಳುವ ಸುಲಭದ ದಾರಿ ಮುಚ್ಚಿದ ಮೇಲೆ ಉಳಿದದ್ದು ವೇಷದ ದಾರಿ.

ಕೊನೆಯ ಐದು ಮೀಟರ್

ಬಯಲಿನಲ್ಲಿ ನಿಂತರೆ ಮೊಬೈಲ್ ಫೋನಿನ ಜಿಪಿಎಸ್ ಸುಮಾರು ಐದು ಮೀಟರ್ ಹತ್ತಿರಕ್ಕೆ ಒಯ್ಯುತ್ತದೆ. ಮರಗಳು ದಟ್ಟವಾಗಿದ್ದರೆ, ಎತ್ತರದ ಕಟ್ಟಡಗಳಿದ್ದರೆ ತಪ್ಪು ಇನ್ನೂ ಹೆಚ್ಚು. ಅಲ್ಲಿಗೆ ಉಪಗ್ರಹದ ಕೆಲಸ ಮುಗಿಯಿತು. ಅಲ್ಲಿಂದ ಮುಂದೆ ಕಣ್ಣು ಮತ್ತು ತಲೆ ಕೆಲಸ ಮಾಡಬೇಕು. ವೇಷ ಕಟ್ಟುವವರ ಆಟ ಶುರುವಾಗುವುದೂ ಇಲ್ಲಿಯೇ.

ಕಣ್ಣಿಗೆ ಬಿದ್ದದ್ದೆಲ್ಲ ಮನಸ್ಸಿಗೆ ಬೀಳುವುದಿಲ್ಲ. 1999ರಲ್ಲಿ ಡೇನಿಯಲ್ ಸೈಮನ್ಸ್ ಮತ್ತು ಕ್ರಿಸ್ಟೋಫರ್ ಛಾಬ್ರಿಸ್ ಎಂಬ ಮನೋವಿಜ್ಞಾನಿಗಳು ಇದನ್ನು ಚೆನ್ನಾಗಿ ತೋರಿಸಿಕೊಟ್ಟರು. ಕೆಲವರು ಚೆಂಡು ಎಸೆದಾಡುವ ವಿಡಿಯೊವೊಂದನ್ನು ತೋರಿಸಿ, ಬಿಳಿ ಅಂಗಿಯವರು ಎಷ್ಟು ಸಲ ಚೆಂಡು ದಾಟಿಸುತ್ತಾರೆ ಎಂದು ಎಣಿಸಲು ಹೇಳಿದರು. ಆಟದ ನಡುವೆ ಗೊರಿಲ್ಲಾ ವೇಷಧಾರಿಯೊಬ್ಬರು ಬಂದು, ಎದೆ ತಟ್ಟಿಕೊಂಡು ಹೊರಟುಹೋದರು. ನೋಡುತ್ತಿದ್ದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಗೊರಿಲ್ಲಾ ಕಾಣಲೇ ಇಲ್ಲ! ಯಾವುದರ ನಿರೀಕ್ಷೆಯಲ್ಲಿದ್ದೇವೋ ಅದು ಕಾಣುತ್ತದೆ; ಉಳಿದದ್ದು ಜಾರಿಹೋಗುತ್ತದೆ. ‘ಡಬ್ಬಿ’ಗಾಗಿ ಹುಡುಕುವವನಿಗೆ ಕಲ್ಲು ಕಾಣುವುದಿಲ್ಲ.

ಪ್ರಕೃತಿಯೇ ಗುರು

ಈ ವಿದ್ಯೆಯಲ್ಲಿ ಮನುಷ್ಯನಿಗಿಂತ ಕೀಟಗಳು ಹಿರಿಯರು. ಕಡ್ಡಿಕೀಟ ಅಲುಗದೆ ಕುಳಿತರೆ ಒಣಕಡ್ಡಿಯೇ ಸರಿ. ಪಶ್ಚಿಮ ಘಟ್ಟಗಳಲ್ಲಿರುವ ಓಕ್‌ಲೀಫ್ ಚಿಟ್ಟೆ ರೆಕ್ಕೆ ಬಿಚ್ಚಿದಾಗ ನೀಲಿ ಬಣ್ಣದಿಂದ ಕಂಗೊಳಿಸುತ್ತದೆ. ಮುಚ್ಚಿದೊಡನೆ ನಡುನರವೂ ಇರುವ ಒಣ ಎಲೆಯಾಗುತ್ತದೆ. ಹುಲಿಯ ಪಟ್ಟೆಗಳು ಹುಲ್ಲು–ನೆರಳುಗಳ ನಡುವೆ ಅದರ ಮೈಯ ಅಂಚನ್ನು ಒಡೆದು, ಎಲ್ಲಿ ಹುಲಿ, ಎಲ್ಲಿ ಹುಲ್ಲು ಎಂದು ತಿಳಿಯದಂತೆ ಮಾಡುತ್ತವೆ. ಡಬ್ಬಿಗೆ ವೇಷ ಹಾಕುವವರೂ ಇವೇ ಮೂರು ಪಾಠಗಳನ್ನು ಕಲಿತಿದ್ದಾರೆ.

ಮೊದಲನೆಯದು ಬಣ್ಣ. ಡಬ್ಬಿಗೆ ಸುತ್ತಲಿನ ಎರಡು ಮೂರು ಬಣ್ಣಗಳನ್ನು ಬಳಿಯುತ್ತಾರೆ. ಬಣ್ಣ ಮಂದವಾಗಿರಬೇಕು. ಹೊಳಪಿದ್ದರೆ ಬಿಸಿಲು ಬಿದ್ದೊಡನೆ ಮಿನುಗಿ ಗುಟ್ಟು ಬಿಟ್ಟುಕೊಡುತ್ತದೆ.

ಎರಡನೆಯದು ಅಂಚು. ಕಾಡಿನಲ್ಲಿ ನೇರ ಗೆರೆ ಅಪರೂಪ. ಡಬ್ಬಿಯಲ್ಲಿ ಇರುವುದೆಲ್ಲ ನೇರ ಗೆರೆಯೇ. ಮುಚ್ಚಳದ ಅಂಚಿಗೆ ತೊಗಟೆಯ ಚೂರು, ನಾರು, ಒಣ ಹುಲ್ಲನ್ನು ಅಂಟಿಸಿ ಆ ಗೆರೆಯನ್ನು ಮುರಿಯಬೇಕು. ಬಣ್ಣ ಸ್ವಲ್ಪ ತಪ್ಪಿದರೂ ಅಂಚು ಮುರಿದಿದ್ದರೆ ಕಣ್ಣು ಮೋಸಹೋಗುತ್ತದೆ.

ಮೂರನೆಯದು ನಟನೆ. ಡಬ್ಬಿ ಪೂರಾ ಬೇರೊಂದು ವಸ್ತುವೇ ಆಗಿಬಿಡುವುದು. ಸಿಮೆಂಟು–ಮರಳಿನ ಗಾರೆ ಮೆತ್ತಿ ಡಬ್ಬಿಯನ್ನು ಕಲ್ಲಾಗಿಸುತ್ತಾರೆ. ಬಿದ್ದ ಕೊಂಬೆಯ ತುಂಡನ್ನು ಕೊರೆದು, ಒಳಗೆ ಸಣ್ಣ ನಳಿಗೆಯಿಟ್ಟು, ತೊಗಟೆಯ ಬಿರಡೆ ಹಾಕುತ್ತಾರೆ. ಪೈನ್ ಮರಗಳಿರುವ ನಾಡುಗಳಲ್ಲಿ ಪೈನ್ ಕಾಯೊಳಗೆ ಪುಟ್ಟ ಡಬ್ಬಿಯನ್ನು ಕೂರಿಸಿ, ನೂರಾರು ಕಾಯಿಗಳ ನಡುವೆ ನೇತುಹಾಕುತ್ತಾರೆ.

ಇಲ್ಲಿ ಒಂದು ಎಚ್ಚರ ಬೇಕು. ಕಲ್ಲು ಎಷ್ಟೇ ಚೆನ್ನಾಗಿದ್ದರೂ ಆ ನೆಲದ ಕಲ್ಲಾಗಿರಬೇಕು. ಕರಾವಳಿಯ ಕೆಂಪು ಮುರಕಲ್ಲುಗಳ ನಡುವೆ ನುಣುಪಾದ ಕರಿಕಲ್ಲು ಇಟ್ಟರೆ ಮಗುವೂ ಗುರುತಿಸುತ್ತದೆ. ಅದಕ್ಕೇ ಅನುಭವಿಗಳು ಮೊದಲು ಜಾಗ ನೋಡುತ್ತಾರೆ, ಅಲ್ಲಿ ಏನೇನು ಸಹಜವಾಗಿ ಬಿದ್ದಿರುತ್ತದೆ ಎಂದು ಗಮನಿಸುತ್ತಾರೆ, ವೇಷ ಆಮೇಲೆ.

ಪೇಟೆಯ ವೇಷಗಳು

ಪೇಟೆಯಲ್ಲಿ ಕಲ್ಲು, ಕೊಂಬೆ ನಡೆಯುವುದಿಲ್ಲ. ಜನಸಂಚಾರ ಹೆಚ್ಚು, ಡಬ್ಬಿ ಚಿಕ್ಕದಾಗಿರಬೇಕು. 100 ಮಿಲಿಲೀಟರಿಗಿಂತ ಕಡಿಮೆ ಹಿಡಿಯುವುದನ್ನು ಈ ಆಟದಲ್ಲಿ ‘ಮೈಕ್ರೊ’ ಎನ್ನುತ್ತಾರೆ. ಹಿಂದೆ ಕ್ಯಾಮೆರಾ ರೀಲು ಬರುತ್ತಿದ್ದ ಪುಟ್ಟ ಡಬ್ಬಿ ಇದಕ್ಕೆ ಹೇಳಿ ಮಾಡಿಸಿದಂತಿತ್ತು. ಇನ್ನೂ ಚಿಕ್ಕವು ಬೆರಳ ತುದಿಯಷ್ಟೇ ಇರುತ್ತವೆ; ಒಳಗೆ ಸುರುಳಿ ಸುತ್ತಿದ ಕಾಗದದ ಪಟ್ಟಿ, ತಳದಲ್ಲಿ ಅಯಸ್ಕಾಂತ. ಕಬ್ಬಿಣದ ಬೆಂಚಿನ ಅಡಿಗೆ ಅಂಟಿಸಿದರೆ ಮುಗಿಯಿತು. ತಲೆ ತಿರುಗಿಸಿದರೆ ಬಿಚ್ಚಿಕೊಳ್ಳುವ ಪೊಳ್ಳು ಬೋಲ್ಟ್, ಮುಂಬಾಗಿಲು ತೆರೆಯುವ ಗುಬ್ಬಿಗೂಡು ಇವೂ ಉಂಟು. ಕೆಲವು ದೇಶಗಳಲ್ಲಿ ಗ್ರಂಥಪಾಲಕರ ಒಪ್ಪಿಗೆ ಪಡೆದು ಪುಸ್ತಕದ ಆಕಾರದ ಪೆಟ್ಟಿಗೆಯನ್ನು ಕಪಾಟಿನಲ್ಲಿಟ್ಟಿರುತ್ತಾರೆ. ಅದರ ವರ್ಗೀಕರಣ ಸಂಖ್ಯೆಯನ್ನು ಬಿಡಿಸಿಕೊಂಡವರಿಗಷ್ಟೇ ಅದು ದಕ್ಕುತ್ತದೆ.

ವೇಷ ಎಷ್ಟೇ ಗಟ್ಟಿಯಾಗಿರಲಿ, ಬಚ್ಚಿಟ್ಟವರು ಹುಡುಕುವವರಿಗೆ ಸುಳ್ಳು ಹೇಳುವಂತಿಲ್ಲ. ಡಬ್ಬಿಯ ಗಾತ್ರ ಯಾವುದು ಎಂಬುದನ್ನೂ, ಹುಡುಕುವುದು ಎಷ್ಟು ಕಷ್ಟ, ದಾರಿ ಎಷ್ಟು ದುರ್ಗಮ ಎಂಬುದನ್ನು ಒಂದರಿಂದ ಐದರವರೆಗಿನ ಅಂಕಗಳಲ್ಲೂ ಮೊದಲೇ ತಿಳಿಸಬೇಕು. ಜೊತೆಗೊಂದು ಸುಳಿವನ್ನು ಗುಪ್ತಲಿಪಿಯಲ್ಲಿ ಕೊಡುವುದುಂಟು. ಇಂಗ್ಲಿಷಿನ ಪ್ರತಿ ಅಕ್ಷರದ ಬದಲು ಅದರಿಂದ ಹದಿಮೂರನೆಯ ಅಕ್ಷರ. ‘ಎ’ ಇದ್ದಲ್ಲಿ ‘ಎನ್’, ‘ಬಿ’ ಇದ್ದಲ್ಲಿ ‘ಓ’. ಸೋತವರು ಮಾತ್ರ ಅದನ್ನು ಬಿಡಿಸಿಕೊಳ್ಳುತ್ತಾರೆ.

ವೇಷ ತಪ್ಪಿದಾಗ

ಆಟ ಗೊತ್ತಿಲ್ಲದ ದಾರಿಹೋಕರನ್ನು ಆಟಗಾರರು ‘ಮಗಲ್’ ಎಂದು ಕರೆಯುತ್ತಾರೆ. ಹ್ಯಾರಿ ಪಾಟರ್ ಕಾದಂಬರಿಗಳಿಂದ ಎರವಲು ಪಡೆದ ಪದ. ವೇಷಕ್ಕೆ ನಿಜವಾದ ಪರೀಕ್ಷೆ ಇವರಿಂದಲೇ.

2011ರ ಜುಲೈನಲ್ಲಿ ಇಂಗ್ಲೆಂಡಿನ ವೆದರ್ಬಿ ಎಂಬ ಪಟ್ಟಣದಲ್ಲಿ ಕೆಫೆಯೊಂದರ ಬಳಿ ಅನುಮಾನಾಸ್ಪದ ಪೆಟ್ಟಿಗೆಯಿದೆ ಎಂಬ ಸುದ್ದಿ ಪೊಲೀಸರಿಗೆ ಮುಟ್ಟಿತು. ಜನರನ್ನು ತೆರವುಗೊಳಿಸಿ, ಸೇನೆಯ ಬಾಂಬ್ ನಿಷ್ಕ್ರಿಯ ತಂಡವನ್ನು ಕರೆಸಿ, ಪೆಟ್ಟಿಗೆಯನ್ನು ಸ್ಫೋಟಿಸಿದರು. ನೋಡಿದರೆ ಅದು ಆಟದ ಪ್ಲಾಸ್ಟಿಕ್ ಡಬ್ಬಿ! ಯಾರಿಗೂ ಕೇಡು ಬಗೆಯದ ಆಟ ಒಂದು ಪಟ್ಟಣವನ್ನೇ ದಿಗಿಲುಗೊಳಿಸಿತ್ತು.

ಪಾಂಡವರು ಜನರ ಭಯವನ್ನೇ ಕಾವಲಿಗೆ ನಿಲ್ಲಿಸಿದ್ದರು. ಅವರಿಗೆ ರಾಜ್ಯದ ಪ್ರಶ್ನೆಯಿತ್ತು. ಆಟಕ್ಕೆ ಆ ಹಕ್ಕಿಲ್ಲ. ತಂತಿ ಸುತ್ತಿದ ಕೊಳವೆ, ಟೇಪು ಬಿಗಿದ ಪೊಟ್ಟಣ ಇವು ಎಂದಿಗೂ ವೇಷವಲ್ಲ. ಡಬ್ಬಿಯ ಮೇಲೆ ‘ಇದು ಜಿಯೋಕ್ಯಾಚ್ ಆಟದ ಡಬ್ಬಿ’ ಎಂದು ಸ್ಪಷ್ಟವಾಗಿ ಬರೆದಿರಬೇಕು, ಜಾಗದ ಒಡೆಯರ ಒಪ್ಪಿಗೆ ಇರಬೇಕು. ಶಾಲೆ, ರೈಲು ಹಳಿ, ಸೇತುವೆಗಳಂಥ ಸೂಕ್ಷ್ಮ ಜಾಗಗಳಲ್ಲಿ ಹೊರಗಿನವರು ಬಂದು ಇಡುವ ಯೋಚನೆಯನ್ನೇ ಮಾಡಬಾರದು.

ಇನ್ನೊಂದು ತಪ್ಪು ಕಣ್ಣಿಗೆ ಕಾಣುವುದಿಲ್ಲ. ಕೆಲವರು ವಿದ್ಯುತ್ ಪೆಟ್ಟಿಗೆಯಂತೆ ಕಾಣುವ ಡಬ್ಬಿ ಮಾಡಿ ಗೋಡೆಗೆ ಅಂಟಿಸುತ್ತಾರೆ. ವೇಷವೇನೋ ಅದ್ಭುತ. ಆದರೆ ಒಮ್ಮೆ ಅಂಥದ್ದನ್ನು ತೆರೆದು ಗೆದ್ದ ಹುಡುಗ ಮುಂದಿನ ಸಲ ನಿಜವಾದ ವಿದ್ಯುತ್ ಪೆಟ್ಟಿಗೆಗೂ ಕೈ ಹಾಕಿಯಾನು. ಪೊಳ್ಳು ಕಲ್ಲೊಂದು ಹಳೆಯ ಗೋಡೆಯಲ್ಲಿದ್ದರೆ, ಹುಡುಕುವವರು ಗೋಡೆಯ ಅಸಲಿ ಕಲ್ಲುಗಳನ್ನೂ ಕಿತ್ತು ನೋಡುತ್ತಾರೆ. ವೇಷ ಕಟ್ಟುವವರು ಹುಡುಕುವವರ ಕೈ ಎಲ್ಲೆಲ್ಲಿಗೆ ಹೋಗುತ್ತದೆ ಎಂದು ಮುಂಚಿತವಾಗಿ ಊಹಿಸಬೇಕು. ಜೀವಂತ ಮರಕ್ಕೆ ಮೊಳೆ ಹೊಡೆಯುವುದೂ ನಿಷಿದ್ಧ.

ಡಬ್ಬಿಯಿಂದ ನೆಲಕ್ಕೆ ತೊಂದರೆಯಾಗುವ ಕಡೆ ಡಬ್ಬಿಯನ್ನೇ ಬಿಟ್ಟುಬಿಡುವ ಬಗೆಯೂ ಇದೆ. ಅಮೆರಿಕದ ಭೂವಿಜ್ಞಾನ ಸಂಘ 2004ರಲ್ಲಿ ಆರಂಭಿಸಿದ ‘ಅರ್ತ್‌ಕ್ಯಾಚ್’ನಲ್ಲಿ ಹುಡುಕಿ ಹೋದವರಿಗೆ ಸಿಗುವುದು ಬಂಡೆಯ ಪದರ, ಜಲಪಾತ, ಪಳೆಯುಳಿಕೆಗಳಂಥ ಭೂಮಿಯ ಪಾಠಗಳು. ಅವನ್ನು ಗಮನಿಸಿ ಪ್ರಶ್ನೆಗಳಿಗೆ ಉತ್ತರಿಸಿದರೆ ಗೆದ್ದಂತೆ.

ಅಂಗಳದಲ್ಲೇ ಆಡಿ

ವಾರಸುದಾರರಿಲ್ಲದ ವಸ್ತುಗಳನ್ನು ಮುಟ್ಟಬೇಡಿ ಎಂದು ನಮ್ಮ ರೈಲು ನಿಲ್ದಾಣಗಳಲ್ಲಿ ಸಾರುತ್ತಲೇ ಇರುತ್ತಾರೆ. ಆ ಎಚ್ಚರಿಕೆ ಸರಿಯಾದದ್ದೇ. ಆದ್ದರಿಂದ ನಮ್ಮ ಮಕ್ಕಳು ಈ ವಿದ್ಯೆಯನ್ನು ಮನೆಯ ಹಿತ್ತಿಲಲ್ಲಿ, ತೋಟದಲ್ಲಿ, ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ತಮ್ಮದೇ ಶಾಲೆಯ ಕೈತೋಟದಲ್ಲಿ ಕಲಿಯುವುದು ಒಳ್ಳೆಯದು. ಇಷ್ಟು ಪುಟ್ಟ ಜಾಗಕ್ಕೆ ಜಿಪಿಎಸ್ ಬೇಕಿಲ್ಲ. ‘ಬೇವಿನ ಮರದಿಂದ ಪೂರ್ವಕ್ಕೆ ಹನ್ನೆರಡು ಹೆಜ್ಜೆ’ ಎಂಬ ಕೈಬರಹದ ನಕ್ಷೆ ಸಾಕು. ದಿಕ್ಕು, ಅಳತೆ ಎರಡೂ ತಾನಾಗಿ ಅಭ್ಯಾಸವಾಗುತ್ತವೆ.

ಸಾಮಗ್ರಿ ಮನೆಯಲ್ಲೇ ಇದೆ. ಮಾತ್ರೆಯ ಖಾಲಿ ಡಬ್ಬಿ, ಬಿದಿರಿನ ತುಂಡು, ತೆಂಗಿನ ಚಿಪ್ಪು, ಅಡಿಕೆ ಹಾಳೆ ಇದ್ದರೆ ಧಾರಾಳವಾಯಿತು. ಎರಡು ಚಿಪ್ಪುಗಳ ನಡುವೆ ಡಬ್ಬಿ ಕೂರಿಸಿ ತೆಂಗಿನ ಬುಡದಲ್ಲಿ ಇಟ್ಟರೆ ಯಾರಿಗೆ ಅನುಮಾನ ಬಂದೀತು? ಮಳೆಗಾಲಕ್ಕೆ ಮುನ್ನ ಒಂದು ಪರೀಕ್ಷೆ ಮಾಡಿ: ಡಬ್ಬಿಯೊಳಗೆ ಕಾಗದದ ಚೂರಿಟ್ಟು, ಭದ್ರವಾಗಿ ಮುಚ್ಚಿ, ಭಾರ ಕಟ್ಟಿ ರಾತ್ರಿಯಿಡೀ ಬಕೆಟ್ ನೀರಿನಲ್ಲಿ ಮುಳುಗಿಸಿಡಿ. ಬೆಳಗ್ಗೆ ಕಾಗದ ಒಣಗಿದ್ದರೆ ಡಬ್ಬಿ ಗೆದ್ದಿತು. ಬರೆಯಲು ಪೆನ್ನಿಗಿಂತ ಪೆನ್ಸಿಲು ಮೇಲು. ತೇವ ತಗುಲಿದರೂ ಬರಹ ಹರಡುವುದಿಲ್ಲ.

ತಂದೆ–ತಾಯಿ ನೋಡಿಕೊಳ್ಳಬೇಕಾದ ವಿಷಯಗಳೂ ಇವೆ. ಹಾವು, ಚೇಳು ಸೇರಿಕೊಳ್ಳುವ ಬಿಲ, ಕಲ್ಲುರಾಶಿ, ಬಾವಿಕಟ್ಟೆ, ವಿದ್ಯುತ್ ಕಂಬ ಇವುಗಳ ಹತ್ತಿರ ಡಬ್ಬಿ ಬೇಡ. ಕೈ ಹಾಕುವ ಮೊದಲು ಕೋಲಿನಿಂದ ತಟ್ಟಿ ನೋಡುವುದನ್ನು ಮಕ್ಕಳಿಗೆ ರೂಢಿ ಮಾಡಿಸಬೇಕು. ಹಕ್ಕಿ ಗೂಡು ಕಟ್ಟುವ ಜಾಗವನ್ನು ಹಕ್ಕಿಗೇ ಬಿಡಬೇಕು.

ವೇಷ ಸಿದ್ಧವಾದ ಮೇಲೆ ಇಬ್ಬರಿಂದ ಪರೀಕ್ಷೆ ಮಾಡಿಸಬಹುದು. ಒಬ್ಬರು ನಕ್ಷೆ ಹಿಡಿದ ಗೆಳೆಯ. ಸ್ವಲ್ಪ ಹೊತ್ತು ತಡಕಾಡಿದರೂ ಕೊನೆಗೆ ಅವನಿಗೆ ಸಿಗಬೇಕು. ಇನ್ನೊಬ್ಬರು ಏನೂ ತಿಳಿಯದ ಶಾಲೆಯ ಜವಾನ ಅಥವಾ ಮನೆಯ ಅಜ್ಜಿ. ಅವರು ಅದರ ಪಕ್ಕದಲ್ಲೇ ನಿಶ್ಚಿಂತೆಯಿಂದ ಹಾದುಹೋಗಬೇಕು, ಆಕಸ್ಮಿಕವಾಗಿ ಕಂಡರೂ ಬರೆದದ್ದನ್ನು ಓದಿ ನಗಬೇಕು. ಇಬ್ಬರಲ್ಲಿ ಒಬ್ಬರು ತಪ್ಪಿದರೂ ವೇಷವನ್ನು ತಿದ್ದಬೇಕು.

ಆಗಾಗ ಹೋಗಿ ಡಬ್ಬಿ ಒಡೆದಿದೆಯೇ, ಕಾಗದ ನೆನೆದಿದೆಯೇ ಎಂದು ನೋಡುವುದು ಇಟ್ಟವರ ಹೊಣೆ. ಆಟ ಮುಗಿದ ದಿನ ಅದನ್ನು ತೆಗೆದು ತರಬೇಕು. ಮರೆತುಬಿಟ್ಟರೆ, ಎಷ್ಟು ಚೆಂದದ ವೇಷವಿದ್ದರೂ ಅದು ನೆಲದ ಮೇಲಿನ ಇನ್ನೊಂದು ಪ್ಲಾಸ್ಟಿಕ್ ಕಸವೇ.