ಮನೆಯಲ್ಲಿ ಬಿಟ್‌ಕಾಯಿನ್ ಯಂತ್ರ: ಹವ್ಯಾಸಕ್ಕೆ ಸರಿ, ಸಾಲಕ್ಕಲ್ಲ

ಕೊಯ್ಲು ಮುಗಿದು ಕೈಯಲ್ಲಿ ಒಂದಿಷ್ಟು ಹಣ ಓಡಾಡುವ ಈ ದಿನಗಳಲ್ಲಿ ಸಂಘದ ಕಚೇರಿಗೆ ಒಂದು ಹೊಸ ಪ್ರಶ್ನೆ ಬರತೊಡಗಿದೆ. ಬಿಟ್‌ಕಾಯಿನ್ ‘ಮೈನಿಂಗ್’ ಮಾಡುವ ಯಂತ್ರವನ್ನು ಮನೆಯಲ್ಲಿಟ್ಟು ನಡೆಸಬಹುದೇ, ಅದಕ್ಕೆ ಸಂಘದಿಂದ ಸಾಲ ದೊರೆಯುವುದೇ ಎಂದು ಸದಸ್ಯರ ಮನೆಯ ತರುಣರು ಕೇಳುತ್ತಿದ್ದಾರೆ. ಸಾಲದ ವಿಷಯವನ್ನು ಮೊದಲೇ ಹೇಳಿಬಿಡುತ್ತೇವೆ: ದೊರೆಯುವುದಿಲ್ಲ. ಬೆಳೆಸಾಲದ ಹಣವನ್ನು ಇದಕ್ಕೆ ತಿರುಗಿಸುವುದೂ ಕೂಡದು. ಹವ್ಯಾಸವೆಂದಾದರೆ ನಮ್ಮ ಅಡ್ಡಿಯಿಲ್ಲ. ನಮ್ಮ ಮನೆಯಲ್ಲಿಯೂ ಅಂಗೈಯಗಲದ ಒಂದು ಯಂತ್ರ ಕಳೆದ ಮಳೆಗಾಲದಿಂದ ಓಡುತ್ತಿದೆ.

ಮೈನಿಂಗ್ ಎಂಬ ಮಾತಿಗೆ ಗಣಿ ತೋಡುವುದೆಂಬ ಅರ್ಥವಿದ್ದರೂ ನಡೆಯುವುದು ಲೆಕ್ಕಪತ್ರದ ಕೆಲಸ. ನಮ್ಮ ಸಂಘದಲ್ಲಿ ಖಾತೆ ಬರೆಯಲು ಗುಮಾಸ್ತರಿದ್ದಾರೆ, ತಪಾಸಣೆಗೆ ಆಡಿಟರು ಬರುತ್ತಾರೆ. 2009ರ ಜನವರಿಯಲ್ಲಿ ಆರಂಭವಾದ ಬಿಟ್‌ಕಾಯಿನ್ನಿಗೆ ಇವರಾರೂ ಇಲ್ಲ. (ಕಾರ್ಯದರ್ಶಿಯೂ ಬೇಡವಂತೆ!) ಯಾರು ಯಾರಿಗೆ ಎಷ್ಟು ಕೊಟ್ಟರೆಂಬ ಖಾತೆಯ ಪ್ರತಿ ಸಾವಿರಾರು ಕಂಪ್ಯೂಟರುಗಳಲ್ಲಿರುತ್ತದೆ. ಸುಮಾರು ಹತ್ತು ನಿಮಿಷಕ್ಕೊಮ್ಮೆ ಹೊಸ ಪುಟವೊಂದನ್ನು ಸೇರಿಸಬೇಕು. ಇದಕ್ಕೆ ‘ಬ್ಲಾಕ್’ ಎಂದು ಹೆಸರು. ಪುಟಕ್ಕೆ ಮುದ್ರೆ ಒತ್ತುವ ಹಕ್ಕು ಯಾರದೆಂಬುದು ಒಂದು ಸ್ಪರ್ಧೆಯಿಂದ ತೀರ್ಮಾನವಾಗುತ್ತದೆ. ಯಂತ್ರಗಳು ಪುಟದ ಜೊತೆಗೆ ಒಂದೊಂದು ಸಂಖ್ಯೆಯನ್ನು ಸೇರಿಸಿ, ನಿಗದಿತ ಸೂತ್ರದಲ್ಲಿ ಹಾಕಿ, ಬರುವ ಉತ್ತರ ಗೊತ್ತಾದ ಮಿತಿಗಿಂತ ಕೆಳಗಿದೆಯೇ ಎಂದು ನೋಡುತ್ತವೆ. ಇಲ್ಲವಾದರೆ ಮತ್ತೊಂದು ಸಂಖ್ಯೆ. ಇದರಲ್ಲಿ ಬುದ್ಧಿವಂತಿಕೆಯೇನೂ ಇಲ್ಲ. ಊಹೆಯ ಮೇಲೆ ಊಹೆ, ಅಷ್ಟೆ. ಗೆದ್ದ ಯಂತ್ರಕ್ಕೆ ಹೊಸ ನಾಣ್ಯ ಬಹುಮಾನ. ಆರಂಭದಲ್ಲಿ ಪುಟಕ್ಕೆ 50 ನಾಣ್ಯವಿದ್ದದ್ದು ಸುಮಾರು ನಾಲ್ಕು ವರ್ಷಕ್ಕೊಮ್ಮೆ ಅರ್ಧಕ್ಕಿಳಿಯುತ್ತ ಬಂದು, 2024ರ ಏಪ್ರಿಲ್‌ನಿಂದ 3.125 ಆಗಿದೆ. ಮುಂದಿನ ಇಳಿತ 2028ರಲ್ಲಿ.

ಸ್ಪರ್ಧಿಗಳು ಹೆಚ್ಚಿದರೆ ನಾಣ್ಯ ಬೇಗ ಹುಟ್ಟುವುದೇ? ಇಲ್ಲ. 2016 ಪುಟಗಳಿಗೊಮ್ಮೆ, ಅಂದರೆ ಸರಿಸುಮಾರು ಎರಡು ವಾರಕ್ಕೊಮ್ಮೆ, ಲೆಕ್ಕದ ಕಾಠಿಣ್ಯ ತಾನಾಗಿ ಏರಿಳಿದು ಅದೇ ಹತ್ತು ನಿಮಿಷಕ್ಕೆ ಬಂದು ನಿಲ್ಲುತ್ತದೆ. ಆರಂಭದಲ್ಲಿ ಮನೆಯ ಕಂಪ್ಯೂಟರೇ ಸಾಕಾಗಿತ್ತು. 2013ರಿಂದೀಚೆಗೆ ಇದೊಂದೇ ಕೆಲಸಕ್ಕೆಂದು ಮಾಡಿದ ‘ಏಸಿಕ್’ ಯಂತ್ರಗಳು ಬಂದು ಮಿಕ್ಕವನ್ನೆಲ್ಲ ಮೂಲೆಗೆ ತಳ್ಳಿದವು. ಈಥೀರಿಯಂ ಎಂಬ ಇನ್ನೊಂದು ನಾಣ್ಯ 2022ರ ಸೆಪ್ಟೆಂಬರಿನಲ್ಲಿ ಈ ಪದ್ಧತಿಯನ್ನೇ ಬಿಟ್ಟಿತು. ಕಾರಣ, ಅದರ ಹೆಸರಿನಲ್ಲಿ ಯಾರಾದರೂ ಹಳೆಯ ಗ್ರಾಫಿಕ್ಸ್ ಕಾರ್ಡ್ ಮಾರಲು ಬಂದರೆ ಕೊಳ್ಳಬೇಡಿ.

ಇನ್ನು ಲೆಕ್ಕಕ್ಕೆ ಬರೋಣ. ನಮ್ಮಲ್ಲಿರುವುದು ‘ಬಿಟ್‌ಆಕ್ಸ್’ ಎಂಬ, ಒಂದೇ ಚಿಪ್ಪಿನ ಯಂತ್ರ. ಸೆಕೆಂಡಿಗೆ 1.2 ಟೆರಾಹ್ಯಾಶ್, ಅಂದರೆ 1.2 ಲಕ್ಷ ಕೋಟಿ ಊಹೆ ಮಾಡುತ್ತದೆ. 18 ವ್ಯಾಟ್ ತಿನ್ನುತ್ತದೆ. ಕೇಳಲು ದೊಡ್ಡ ಸಂಖ್ಯೆ. ಆದರೆ 2025ರಲ್ಲಿ ಪ್ರಪಂಚದ ಎಲ್ಲ ಯಂತ್ರಗಳ ಒಟ್ಟು ಶಕ್ತಿ ಸುಮಾರು 100 ಕೋಟಿ ಟೆರಾಹ್ಯಾಶ್ ಮುಟ್ಟಿತ್ತು. ಆ ಪ್ರಮಾಣದಲ್ಲಿ ನಮ್ಮ ಯಂತ್ರ ಒಂಟಿಯಾಗಿ ಒಂದು ಪುಟ ಗೆಲ್ಲಲು ಸರಾಸರಿ 16,000 ವರ್ಷ ಹಿಡಿಯುತ್ತದೆ. ಅದೃಷ್ಟ ನಾಳೆಯೇ ಒಲಿಯಬಾರದೆಂದೇನೂ ಇಲ್ಲ. ಲಾಟರಿ ಚೀಟಿಯೂ ಹಾಗೆಯೇ.

ಒಂಟಿಯಾಗಿ ಕಾಯುವುದರ ಬದಲು ‘ಪೂಲ್’ ಸೇರಬಹುದು. ನಮ್ಮ ಸದಸ್ಯರಿಗೆ ಇದನ್ನು ವಿವರಿಸಬೇಕಾಗಿಲ್ಲ: ಸಣ್ಣವರೆಲ್ಲ ಒಟ್ಟು ಸೇರಿ, ಸಿಕ್ಕಿದ್ದನ್ನು ದುಡಿಮೆಯ ಪ್ರಮಾಣಕ್ಕೆ ಹಂಚಿಕೊಳ್ಳುವುದು. ಒಂದು ಬಿಟ್‌ಕಾಯಿನ್ ಎಂದರೆ 10 ಕೋಟಿ ‘ಸಟೋಶಿ’. ಮೇಲಿನ ಲೆಕ್ಕದಲ್ಲಿ ನಮ್ಮ ಪಾಲಿಗೆ ತಿಂಗಳಿಗೆ 1,600 ಸಟೋಶಿಯಷ್ಟು ಬೀಳುತ್ತದೆ. ನಾಣ್ಯದ ಬೆಲೆ 1 ಕೋಟಿ ರೂಪಾಯಿ ಎಂದು ಧಾರಾಳವಾಗಿ ಹಿಡಿದರೂ 160 ರೂಪಾಯಿ. ವಿದ್ಯುತ್ತು 13 ಯೂನಿಟ್, ಯೂನಿಟ್ಟಿಗೆ 6 ರೂಪಾಯಿಯಂತೆ 78 ರೂಪಾಯಿ. ನಾಣ್ಯ ಮಾರಿದಾಗ ಆದಾಯ ತೆರಿಗೆ ಶೇಕಡ 30, ಅಂದರೆ 48 ರೂಪಾಯಿ. 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಈ ತೆರಿಗೆಯಲ್ಲಿ ಕರೆಂಟಿನ ಖರ್ಚಾಗಲಿ ಯಂತ್ರದ ಬೆಲೆಯಾಗಲಿ ಕಳೆಯಲು ಬಿಡುವುದಿಲ್ಲ. ಅಡಿಕೆಯ ಆದಾಯದಂತೆ ಇದಕ್ಕೆ ವಿನಾಯಿತಿಯೂ ಇಲ್ಲ. ಉಳಿದದ್ದು 34 ರೂಪಾಯಿ. ಯಂತ್ರಕ್ಕೆ 15 ಸಾವಿರ ಬಿದ್ದಿದ್ದರೆ ಅಸಲು ಹುಟ್ಟಲು 36 ವರ್ಷ ಬೇಕು. ಇಂದು ನೆಟ್ಟ ಅಡಿಕೆ ಸಸಿ ಏಳು ವರ್ಷದೊಳಗೆ ಗೊನೆ ಬಿಟ್ಟಿರುತ್ತದೆ.

ಸಾಲ ಕೇಳಿಬಂದ ತರುಣರ ಕಣ್ಣು ಬಿದ್ದಿದ್ದು ಈ ಪುಟ್ಟ ಯಂತ್ರದ ಮೇಲಲ್ಲ, ಅಗ್ಗಕ್ಕೆ ದೊರೆಯುವ ಹಳೆಯ ‘ಆಂಟ್‌ಮೈನರ್ ಎಸ್9’ ಮೇಲೆ. ಇದು 2016ರ ಮಾದರಿ, 13.5 ಟೆರಾಹ್ಯಾಶ್‌ಗೆ ಸುಮಾರು 1,350 ವ್ಯಾಟ್ ಬೇಕು. ದಿನಕ್ಕೆ 32 ಯೂನಿಟ್, 190 ರೂಪಾಯಿಗೂ ಮೇಲೆ. ಗಳಿಕೆ ದಿನಕ್ಕೆ 60 ರೂಪಾಯಿ! ಗೃಹಜ್ಯೋತಿ ಇದೆಯಲ್ಲ ಎಂದು ಒಬ್ಬರು ವಾದಿಸಿದರು. ತಿಂಗಳಿಗೆ 970 ಯೂನಿಟ್ ಆಗುವಲ್ಲಿ 200ರ ಮಿತಿ ಒಂದು ವಾರಕ್ಕೇ ಮುಗಿಯುತ್ತದೆ. ಮಿತಿ ದಾಟಿದ ಮೇಲೆ ಪೂರ್ತಿ ಬಿಲ್ಲು ನಮ್ಮದೇ. ಪಂಪ್‌ಸೆಟ್ಟಿನ ಲೈನಿನಿಂದ ಎಳೆದುಕೊಳ್ಳುವ ಯೋಚನೆಯಂತೂ ಬೇಡವೇ ಬೇಡ. 2003ರ ವಿದ್ಯುಚ್ಛಕ್ತಿ ಕಾಯಿದೆಯ 126ನೆಯ ಕಲಮಿನಂತೆ ಅದು ಅನಧಿಕೃತ ಬಳಕೆ. ಅನ್ವಯವಾಗುವ ದರದ ಎರಡರಷ್ಟು ವಸೂಲಾಗುತ್ತದೆ. ಮೇಲಾಗಿ ಅದರ ಗದ್ದಲಕ್ಕೆ ಮನೆಯಲ್ಲಿ ಯಾರೂ ನಿದ್ದೆ ಮಾಡಲಾರರು.

ಯಂತ್ರವೇ ಬೇಡ, ಹಣ ಕಳಿಸಿ ಸಾಕು, ನಾವು ಬೇರೆಡೆ ಮೈನಿಂಗ್ ಮಾಡಿ ಲಾಭ ಕಳಿಸುತ್ತೇವೆ ಎನ್ನುವವರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ತಿಂಗಳಿಗೆ ಶೇಕಡ 10ರಂತೆ 18 ತಿಂಗಳು ಕೊಡುವ ಭರವಸೆಯಿತ್ತ ‘ಗೇನ್ ಬಿಟ್‌ಕಾಯಿನ್’ ಯೋಜನೆಯಲ್ಲಿ ನಮ್ಮ ದೇಶದ ಬಹಳ ಮಂದಿ ಹಣ ಕಳೆದುಕೊಂಡರು. 2018ರಲ್ಲಿ ಅದರ ಪ್ರವರ್ತಕರ ಬಂಧನವಾಯಿತು.

ಇಷ್ಟಾದ ಮೇಲೂ ಕಲಿಯುವ ಆಸೆಯಿದ್ದರೆ ಚಿಕ್ಕ ಯಂತ್ರದಿಂದಲೇ ಆರಂಭಿಸಿ. ಮೊದಲು ಬೇಕಾದದ್ದು ವ್ಯಾಲೆಟ್, ಅಂದರೆ ನಾಣ್ಯದ ಕೀಲಿ ಇಟ್ಟುಕೊಳ್ಳುವ ವ್ಯವಸ್ಥೆ. ಅದನ್ನು ತೆರೆಯುವಾಗ 12 ಅಥವಾ 24 ಇಂಗ್ಲಿಷ್ ಪದಗಳನ್ನು ಕೊಡುತ್ತದೆ. ಇವನ್ನು ಕಾಗದದ ಮೇಲೆ ಕೈಯಲ್ಲಿ ಬರೆದು ಜಮೀನಿನ ಪತ್ರಗಳ ಜೊತೆಯಲ್ಲಿಡಿ. ಮೊಬೈಲಿನಲ್ಲಿ ಫೋಟೋ ತೆಗೆದಿಡಬೇಡಿ, ಫೋನಿನಲ್ಲಿ ಕೇಳಿದವರಿಗೆ ಹೇಳಬೇಡಿ. ಆ ಪದಗಳು ಯಾರ ಕೈಯಲ್ಲಿವೆಯೋ ನಾಣ್ಯ ಅವರದು. ಬಳಿಕ ಯಂತ್ರವನ್ನು ಮನೆಯ ವೈಫೈಗೆ ಜೋಡಿಸಿ, ಪೂಲಿನ ವಿಳಾಸವನ್ನೂ ನಿಮ್ಮ ವ್ಯಾಲೆಟ್ಟಿನ ವಿಳಾಸವನ್ನೂ ತುಂಬಿದರೆ ಅರ್ಧ ಗಂಟೆಯಲ್ಲಿ ಕೆಲಸ ಶುರು. ಪೂಲ್ ಎಷ್ಟು ಮೊತ್ತವಾದ ಮೇಲೆ ಹಣ ಬಿಡುತ್ತದೆಂಬುದನ್ನು ಸೇರುವ ಮೊದಲೇ ನೋಡಿಕೊಳ್ಳಿ. ಮಿತಿ ದೊಡ್ಡದಾಗಿದ್ದರೆ ನಿಮ್ಮ ಪಾಲು ವರ್ಷಗಟ್ಟಲೆ ಅಲ್ಲಿಯೇ ಕೂತಿರುತ್ತದೆ.

ನಮ್ಮ ಮಲೆನಾಡಿನಲ್ಲಿ ಯಂತ್ರದ ಶತ್ರುಗಳು ತೇವ, ಇರುವೆ ಮತ್ತು ಸಿಡಿಲು. ಅಡಿಕೆ ಸುಲಿಯುವ ಅಂಗಳದ ಧೂಳು ಫ್ಯಾನಿಗೆ ಕೂರುವುದರಿಂದ ಒಳಕೋಣೆಯಲ್ಲಿಡುವುದು ಲೇಸು. ತಿಂಗಳಿಗೊಮ್ಮೆ ಮೆತ್ತನೆಯ ಬ್ರಷ್ಷಿನಿಂದ ಒರೆಸಿ. ಗುಡುಗು ಕೇಳಿದೊಡನೆ ಪ್ಲಗ್ಗನ್ನೂ ಇಂಟರ್‌ನೆಟ್ ತಂತಿಯನ್ನೂ ಕಿತ್ತಿಡಿ. ನಾವು ಒಂದು ಸಂಜೆ ಮರೆತು ಅಡಾಪ್ಟರ್ ಸುಟ್ಟುಕೊಂಡೆವು. ಹೊಸದಕ್ಕೆ ತೆತ್ತ ಹಣ ಅಲ್ಲಿಯವರೆಗಿನ ಗಳಿಕೆಗಿಂತ ಹೆಚ್ಚಾಗಿತ್ತು.