ಕಾಫಿ, ಟೀ ಮತ್ತು ಚರ್ಮ ಕೀಳುವ ಗೀಳು



ಮೊಡವೆ ಚಿವುಟುವುದು, ಗಾಯದ ಹಕ್ಕಳೆ ಕೀಳುವುದು, ಉಗುರಿನ ಪಕ್ಕದ ಸಿಪ್ಪೆ ಎಳೆಯುವುದು ಹಲವರಲ್ಲಿ ಕಾಣುತ್ತದೆ. ಬಿಡಬೇಕೆಂದರೂ ಬಿಡಲಾಗದೆ ಮತ್ತೆ ಮತ್ತೆ ಗಾಯವಾಗುತ್ತಿದ್ದರೆ ಅದು ಕೆಟ್ಟ ಚಾಳಿಯಲ್ಲ, ಕಾಯಿಲೆ. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಇದನ್ನು ಗೀಳು ರೋಗಗಳ ಗುಂಪಿಗೆ ಸೇರಿಸಿತು.

ಕಾಫಿಗೂ ಇದಕ್ಕೂ ಏನು ಸಂಬಂಧ?

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಮನೆಗೆ ಬಂದವರನ್ನು ಕಾಫಿ ಕೊಡದೆ ಕಳಿಸುವುದಿಲ್ಲ. ಕಾಫಿಯೇ ಈ ಕಾಯಿಲೆಯನ್ನು ತರುತ್ತದೆ ಎಂದಲ್ಲ. ಆದರೆ ಕಾಫಿ, ಟೀಯಲ್ಲಿರುವ ಕೆಫೀನ್, ಮಿದುಳಿನಲ್ಲಿ ನಿದ್ದೆ ಬರಿಸುವ ಅಡಿನೋಸಿನ್ ಎಂಬ ವಸ್ತುವಿನ ಕೆಲಸವನ್ನು ತಡೆಯುತ್ತದೆ. ಹೆಚ್ಚಾದರೆ ಚಡಪಡಿಕೆ, ಕೈ ನಡುಕ ಬರುತ್ತದೆ. ಸಂಜೆ 6ಕ್ಕೆ ಕುಡಿದದ್ದರಲ್ಲಿ ಸುಮಾರು ಅರ್ಧದಷ್ಟು ಕೆಫೀನ್ ರಾತ್ರಿ 11ಕ್ಕೂ ದೇಹದಲ್ಲಿರುತ್ತದೆ. ನಿದ್ದೆ ಬಾರದೆ ಒಬ್ಬರೇ ಕುಳಿತಾಗ ಕೈ ತಾನಾಗಿ ಚರ್ಮದ ಮೇಲೆ ಹೋಗುತ್ತದೆ. ಬೆಳಿಗ್ಗೆ ಸುಸ್ತು, ಸುಸ್ತಿಗೆ ಇನ್ನೊಂದು ಲೋಟ ಕಾಫಿ. ತಂಬಾಕು ಬ್ಯಾರನ್ ಮುಂದೆ ರಾತ್ರಿ ಬೆಂಕಿ ಕಾಯುವವರು, ರಾತ್ರಿ ಪಾಳಿಯವರು, ಪರೀಕ್ಷೆಗೆ ಓದುವ ಮಕ್ಕಳು ಇದನ್ನು ಗಮನಿಸಬೇಕು.

ಮಿತಿ ಎಷ್ಟು?

ಐ.ಸಿ.ಎಂ.ಆರ್. 2024ರ ಮಾರ್ಗಸೂಚಿಯಂತೆ ದಿನಕ್ಕೆ 300 ಮಿ.ಗ್ರಾಂ. ಕೆಫೀನ್ ಮೀರಬಾರದು. 150 ಮಿ.ಲೀ. ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120, ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65, ಟೀಯಲ್ಲಿ 30ರಿಂದ 65 ಮಿ.ಗ್ರಾಂ. ಇರುತ್ತದೆ.

ನೀವು ಮಾಡಬೇಕಾದದ್ದು

1. ಎಷ್ಟು ಹೊತ್ತಿಗೆ ಕಾಫಿ ಕುಡಿದಿರಿ, ಯಾವಾಗ ಚರ್ಮ ಕಿತ್ತಿರಿ ಎಂಬುದನ್ನು ಒಂದು ವಾರ ಬರೆದಿಡಿ.

2. ಮಧ್ಯಾಹ್ನದ ಊಟದ ನಂತರ ಕಾಫಿ, ಟೀ ಬೇಡ. ಮಜ್ಜಿಗೆ ಅಥವಾ ಜೀರಿಗೆ ಕಷಾಯ ಕುಡಿಯಿರಿ.

3. ಒಮ್ಮೆಲೇ ನಿಲ್ಲಿಸಿದರೆ ತಲೆನೋವು, ಸಿಡುಕು ಬರುತ್ತದೆ. ಮೂರು ನಾಲ್ಕು ದಿನಕ್ಕೊಮ್ಮೆ ಅರ್ಧ ಲೋಟದಂತೆ ಕಡಿಮೆ ಮಾಡಿ.

4. ಉಗುರು ಕತ್ತರಿಸಿ. ಗಾಯವನ್ನು ಸೋಪು ನೀರಿನಿಂದ ತೊಳೆದು ಶುಭ್ರ ಬಟ್ಟೆಯಿಂದ ಮುಚ್ಚಿ. ಹೂ ಕಟ್ಟುವುದು, ಅವರೆಕಾಯಿ ಸುಲಿಯುವುದು ಮುಂತಾದ ಕೆಲಸವನ್ನು ಕೈಗೆ ಕೊಡಿ.

5. ಗೀಳಿಗೆ ಫ್ಲುವಾಕ್ಸಮಿನ್ ಮಾತ್ರೆ ತೆಗೆದುಕೊಳ್ಳುವವರ ದೇಹದಲ್ಲಿ ಕೆಫೀನ್ ಬಹಳ ಹೊತ್ತು ಉಳಿಯುತ್ತದೆ. ಎಷ್ಟು ಕಾಫಿ ಕುಡಿಯುತ್ತೀರಿ ಎಂಬುದನ್ನು ವೈದ್ಯರಿಗೆ ತಿಳಿಸಿ.

ಗಾಯ ಕೆಂಪಾಗಿ ಊದಿದರೆ, ಕೀವು ಅಥವಾ ಜ್ವರ ಬಂದರೆ ಕೂಡಲೇ ಆಸ್ಪತ್ರೆಗೆ ಬನ್ನಿ. ಸಕ್ಕರೆ ಕಾಯಿಲೆಯವರು ಚಿಕ್ಕ ಗಾಯವನ್ನೂ ಅಲಕ್ಷಿಸಬಾರದು. ಕಾಫಿ ಕಡಿಮೆ ಮಾಡಿದರೂ ಗೀಳು ನಿಲ್ಲದಿದ್ದರೆ ಅಭ್ಯಾಸ ಬದಲಿಸುವ ತರಬೇತಿ ಇದೆ, ಔಷಧಿಯೂ ಇದೆ. ಟೆಲಿ ಮನಸ್ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಮನೆಯವರಲ್ಲಿ ವಿನಂತಿ: ಬೈದರೆ ಕೈ ನಿಲ್ಲುವುದಿಲ್ಲ, ಮರೆಯಲ್ಲಿ ಮುಂದುವರಿಯುತ್ತದೆ. ಹೆಣ್ಣುಮಕ್ಕಳು ಕಲೆಗಳಿಗೆ ನಾಚಿ, ತೋಳು ಮುಚ್ಚಿಕೊಂಡು ಚಿಕಿತ್ಸೆಗೇ ಬಾರದೆ ಉಳಿಯುತ್ತಾರೆ. ಅವರನ್ನು ನೀವೇ ಜೊತೆಯಲ್ಲಿ ಕರೆತನ್ನಿ.