ಬಣ್ಣಕ್ಕೆ ತಕ್ಕ ಥಿನ್ನರ್: ಆಯ್ಕೆ ಮತ್ತು ಮಿಶ್ರಣದ ಕ್ರಮ

ಶಾಲೆ, ಅಂಗನವಾಡಿ ಹಾಗೂ ಗ್ರಂಥಾಲಯ ಕಟ್ಟಡಗಳಿಗೆ ಬಣ್ಣ ಬಳಿಸುವ ಕಾಮಗಾರಿಗಳು ಗ್ರಾಮ ಪಂಚಾಯಿತಿಗಳ ಮುಂದೆ ಆಗಾಗ ಬರುತ್ತವೆ. ಉತ್ತಮ ಬಣ್ಣವನ್ನೇ ಖರೀದಿಸಿದ್ದರೂ ಕೆಲವೆಡೆ ಒಂದೆರಡು ಮಳೆಗಾಲದಲ್ಲಿ ಅದು ಸುಲಿದು, ಕಿಟಕಿಯ ಸರಳುಗಳು ತುಕ್ಕು ಹಿಡಿಯುತ್ತವೆ. ಇದಕ್ಕೆ ಮೇಲ್ಮೈಯನ್ನು ಸರಿಯಾಗಿ ಸಿದ್ಧಪಡಿಸದಿರುವುದು ಒಂದು ಕಾರಣವಾದರೆ, ತಪ್ಪು ಥಿನ್ನರ್ ಅಥವಾ ಅತಿಯಾದ ಥಿನ್ನರ್ ಮತ್ತೊಂದು ಕಾರಣ. ನದೀತೀರದ ತೇವವಿರುವ ಸೋಸಲೆಯಂತಹ ಊರುಗಳಲ್ಲಿ ಈ ಎಚ್ಚರ ಇನ್ನಷ್ಟು ಅಗತ್ಯ.

ಥಿನ್ನರ್‌ನ ಕೆಲಸ

ಬಣ್ಣದಲ್ಲಿ ವರ್ಣದ್ರವ್ಯ, ಅದನ್ನು ಹಿಡಿದಿಡುವ ರಾಳ ಮತ್ತು ದ್ರವ ಇರುತ್ತವೆ. ಥಿನ್ನರ್ ಬಣ್ಣವನ್ನು ಹದವಾಗಿ ಹರಡಲು ನೆರವಾಗಿ, ಬಳಿಕ ಆವಿಯಾಗಿ ಹೋಗುತ್ತದೆ. ಗೋಡೆಯ ಮೇಲೆ ಉಳಿಯುವುದು ಘನಾಂಶ ಮಾತ್ರ. ಆದ್ದರಿಂದ ಥಿನ್ನರ್ ಬೆರೆಸಿದರೆ ಬಣ್ಣದ ಪ್ರಮಾಣ ಹೆಚ್ಚಿದಂತೆ ಕಂಡರೂ ರಕ್ಷಣೆ ಹೆಚ್ಚುವುದಿಲ್ಲ.

ಯಾವ ಬಣ್ಣಕ್ಕೆ ಯಾವುದು

1. ಗೋಡೆಯ ಎಮಲ್ಷನ್, ಡಿಸ್ಟೆಂಪರ್: ಶುದ್ಧ ನೀರು ಮಾತ್ರ.
2. ಸಿಂಥೆಟಿಕ್ ಎನಾಮೆಲ್, ರೆಡ್ ಆಕ್ಸೈಡ್ ಪ್ರೈಮರ್: ಮಿನರಲ್ ಟರ್ಪೆಂಟೈನ್.
3. ನೈಟ್ರೊ ಸೆಲ್ಯುಲೋಸ್ ಲ್ಯಾಕರ್: ಎನ್.ಸಿ. ಥಿನ್ನರ್.
4. ಎಪಾಕ್ಸಿ, ಪಾಲಿಯುರಿಥೇನ್: ತಯಾರಕರು ಸೂಚಿಸಿದ ಆಯಾ ಥಿನ್ನರ್.
5. ಅರಗಿನ ಪಾಲಿಷ್: ಸ್ಪಿರಿಟ್.

ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ, ಟರ್ಪೆಂಟೈನ್‌ನಲ್ಲಿ ಕರಗುವುದಿಲ್ಲ. 1937ರಲ್ಲಿ ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಆರಂಭವಾದ ಸಂಸ್ಥೆಯೇ ಇಂದಿನ ಮೈಸೂರು ಪೇಯಿಂಟ್ಸ್ ಅಂಡ್ ವಾರ್ನಿಷ್. ಚುನಾವಣೆಯ ಅಳಿಸಲಾಗದ ಶಾಯಿ ಅಲ್ಲಿಯೇ ತಯಾರಾಗುತ್ತದೆ.

ಎನಾಮೆಲ್‌ಗೆ ಸೀಮೆಎಣ್ಣೆ ಬೆರೆಸಿದರೆ ಅದು ನಿಧಾನವಾಗಿ ಆವಿಯಾಗುವುದರಿಂದ ಪದರ ಬಹುಕಾಲ ಅಂಟಂಟಾಗಿದ್ದು, ಹೊಳಪು ಕುಂದುತ್ತದೆ. ಪೆಟ್ರೋಲ್ ಬಳಕೆ ಬೆಂಕಿಗೆ ಆಹ್ವಾನ. ಹಳೆಯ ಎನಾಮೆಲ್ ಮೇಲೆ ತೀಕ್ಷ್ಣವಾದ ಎನ್.ಸಿ. ಥಿನ್ನರ್ ಬಿದ್ದರೆ ಕೆಳಪದರ ಸುಕ್ಕುಗಟ್ಟಿ ಏಳುತ್ತದೆ.

ಪ್ರಮಾಣದ ಲೆಕ್ಕ

ಪ್ರಮಾಣವನ್ನು ಡಬ್ಬಿಯ ಮೇಲಿನ ಸೂಚನೆಯೇ ನಿರ್ಧರಿಸಬೇಕು. ಶೇ 10 ಎಂದಿದ್ದರೆ 1 ಲೀಟರ್ ಬಣ್ಣಕ್ಕೆ 100 ಮಿಲಿಲೀಟರ್, 20 ಲೀಟರ್‌ಗೆ 2 ಲೀಟರ್. ಅಳತೆಪಾತ್ರೆ ಕಡ್ಡಾಯ, ಕೈಯಂದಾಜು ಸಲ್ಲದು.

ಅತಿಯಾದರೆ ಆಗುವ ನಷ್ಟವನ್ನು ಒಂದು ಉದಾಹರಣೆ ತೋರಿಸುತ್ತದೆ. ಗಾತ್ರದಲ್ಲಿ ಶೇ 50ರಷ್ಟು ಘನಾಂಶವಿರುವ ಬಣ್ಣವನ್ನು 60 ಮೈಕ್ರಾನ್ ಹಸಿ ಪದರವಾಗಿ ಬಳಿದರೆ ಒಣಗಿದ ಮೇಲೆ 30 ಮೈಕ್ರಾನ್ ಉಳಿಯುತ್ತದೆ. 1 ಲೀಟರ್‌ಗೆ 200 ಮಿಲಿಲೀಟರ್ ಥಿನ್ನರ್ ಬೆರೆಸಿದರೆ ಅದೇ ಹಸಿ ಪದರದಿಂದ ಉಳಿಯುವುದು 25 ಮೈಕ್ರಾನ್. ಎರಡು ಕೋಟ್‌ಗಳಲ್ಲಿ 60ರ ಬದಲು 50. ಆರನೇ ಒಂದು ಭಾಗ ರಕ್ಷಣೆ ಕೈತಪ್ಪಿತು. ಅಳತೆ ಪುಸ್ತಕದಲ್ಲಿ ಮಾತ್ರ ಎರಡು ಕೋಟ್ ಎಂದೇ ದಾಖಲಾಗುತ್ತದೆ.

ಮಿಶ್ರಣದ ಕ್ರಮ

ಮೊದಲು ತಳದಲ್ಲಿ ಕುಳಿತ ವರ್ಣದ್ರವ್ಯ ಮೇಲೆ ಬರುವಂತೆ ಚೆನ್ನಾಗಿ ಕಲಕಬೇಕು. ಥಿನ್ನರನ್ನು ಸ್ವಲ್ಪಸ್ವಲ್ಪವಾಗಿ ಸೇರಿಸುತ್ತಾ ಕಲಕಿ, ಸೋಸಿ, ಮರೆಯ ಜಾಗದಲ್ಲಿ ಬಳಿದು ಪರೀಕ್ಷಿಸಬೇಕು. ಬ್ರಷ್ ಎಳೆಯುವಾಗ ತಡೆದರೆ ಬಣ್ಣ ಗಟ್ಟಿ. ಇಳಿದು ಗೆರೆ ಬಿಟ್ಟರೆ ಅತಿ ತೆಳು. ಆ ದಿನಕ್ಕೆ ಬೇಕಾದಷ್ಟನ್ನೇ ಬೆರೆಸುವುದು ಒಳಿತು. ಮಳೆಯ ದಿನ ಹಾಗೂ ಹಸಿ ಗೋಡೆಯ ಮೇಲೆ ಕೆಲಸ ಕೂಡದು. ತೇವದ ಗಾಳಿಯಲ್ಲಿ ಲ್ಯಾಕರ್ ಬೆಳ್ಳಗಾಗುತ್ತದೆ.

ಮಕ್ಕಳ ಹಾಗೂ ನೀರಿನ ಸುರಕ್ಷತೆ

2017ರ ನವೆಂಬರ್ 1ರಿಂದ ಜಾರಿಯಲ್ಲಿರುವ ಕೇಂದ್ರದ ನಿಯಮದಂತೆ ಗೃಹಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರುವಂತಿಲ್ಲ. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿಕರ. ಶಾಲೆ, ಅಂಗನವಾಡಿಗಳಿಗೆ ಈ ಉಲ್ಲೇಖವುಳ್ಳ ಡಬ್ಬಿಯನ್ನೇ ಪಡೆಯತಕ್ಕದ್ದು. ಕೆಲಸವನ್ನು ರಜಾದಿನಗಳಲ್ಲಿ ನಡೆಸಿ, ವಾಸನೆ ಹೋಗುವವರೆಗೆ ಕಿಟಕಿಗಳನ್ನು ತೆರೆದಿಡಬೇಕು. ಸಮೀಪದಲ್ಲಿ ಒಲೆ, ಬೀಡಿ ನಿಷಿದ್ಧ. ಬಣ್ಣ ಹತ್ತಿದ ಬಟ್ಟೆಗಳನ್ನು ರಾಶಿ ಹಾಕದೆ ಹರಡಿ ಒಣಗಿಸಬೇಕು. ಉಳಿದ ಥಿನ್ನರನ್ನು ಚರಂಡಿಗಾಗಲಿ ನದಿಗಾಗಲಿ ಸುರಿಯದೆ, ಮುಚ್ಚಿಟ್ಟು ಮುಂದಿನ ಬ್ರಷ್ ತೊಳೆಯಲು ಬಳಸಬಹುದು. ಕುಡಿಯುವ ನೀರಿನ ತೊಟ್ಟಿಯ ಒಳಮೈಗೆ ಸಾಮಾನ್ಯ ಎನಾಮೆಲ್ ಬಳಿಯತಕ್ಕದ್ದಲ್ಲ.

ಸದಸ್ಯರು ಪರಿಶೀಲಿಸಬೇಕಾದುದು

ಮುಚ್ಚಳ ತೆರೆಯುವ ಮೊದಲು ಡಬ್ಬಿಗಳ ಸಂಖ್ಯೆ ಮತ್ತು ತಯಾರಿಕೆಯ ದಿನಾಂಕ, ಥಿನ್ನರ್‌ನ ಹೆಸರು, ಅಳತೆಪಾತ್ರೆ, ಮೊದಲ ಕೋಟ್ ಒಣಗಿದ ಬಳಿಕವೇ ಎರಡನೆಯದು ಆರಂಭವಾದುದು: ಈ ನಾಲ್ಕನ್ನು ಸ್ಥಳದಲ್ಲಿಯೇ ನೋಡಿ ದಾಖಲಿಸಿದ ನಂತರ ಬಿಲ್ ಪಾವತಿಗೆ ಶಿಫಾರಸು ಮಾಡುವುದು ಸೂಕ್ತ.